ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೆಂಟನೆಯ ಮಾತು

ರಾಜ್ಯಗಳು ಕೈಬದಲಾದದ್ದು, ನದಿಗಳು ಪಾತ್ರ ಬದಲಿಸಿದ್ದು, ದೊಡ್ಡವರ ಕಿರೀಟ ಉರುಳಿದ್ದು ಇವನ್ನೆಲ್ಲ ಬರೆದಿಡಲು ಬೇರೆಯವರಿದ್ದಾರೆ. ಅವರಿಗೆ ಕೈತುಂಬ ಕೆಲಸವೂ ಇದೆ. ಇಲ್ಲಿ ಹೇಳಹೊರಟಿರುವುದು ಅವುಗಳಿಗಿಂತ ಭಾರವಾದ ಸಂಗತಿ. ‘ಹೊಲಿಗೆ ಕಟ್ಟೆ’ ಎಂಬ ಜಾಲತಾಣದ ‘ಬಿಡುವಿನ ಮಾತು’ ಎಂಬ ಪುಟದಲ್ಲಿ ಒಂದು ಲಕ್ಷದ ಮಾತನ್ನು ಬರೆಯುವ ಯೋಗ ಯಾರದು ಎಂಬ ಪ್ರಶ್ನೆ. ಒಂದು ಮಂಗಳವಾರದಿಂದ ಗುರುವಾರದವರೆಗೆ ಈ ಪ್ರಶ್ನೆ ನಾಲ್ಕು ಜನರನ್ನು, ಅದೂ ತಲೆ ನರೆತವರನ್ನು, ಮನೆ ಮಠ ಇದ್ದವರನ್ನು, ಉಸಿರು ಬಿಗಿಹಿಡಿದು ಕೂರಿಸಿತ್ತು.

ಕಟ್ಟೆ ಹುಟ್ಟಿದ್ದು ಹದಿನಾಲ್ಕು ವರ್ಷದ ಹಿಂದೆ. ಕಾಲಲ್ಲಿ ತುಳಿಯುವ ಒಂದು ಬಗೆಯ ಹೊಲಿಗೆ ಯಂತ್ರವನ್ನು ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತ್ತು. ಯಂತ್ರಗಳು ಮಾತ್ರ ಹಟಮಾರಿ ಮುದುಕಿಯರ ಹಾಗೆ ಸಾಯದೆ ಉಳಿದಿದ್ದವು. ಬಿಡಿಭಾಗ ಎಲ್ಲಿ ಸಿಗುತ್ತದೆ, ಬೆಲ್ಟು ಸಡಿಲವಾದರೆ ಏನು ಮಾಡಬೇಕು ಎಂದು ಕೇಳಿಕೊಂಡು ಬಂದ ಜನ ಕಟ್ಟೆಯಲ್ಲಿ ಸೇರಿದರು. ಎರಡು ವರ್ಷದಲ್ಲಿ ಎಲ್ಲರ ಯಂತ್ರವೂ ರಿಪೇರಿಯಾಯಿತು. ಆದರೆ ಕೈ ಒಣಗಿದ ಮೇಲೂ ಊಟದ ಜಾಗ ಬಿಟ್ಟು ಏಳದವರ ಹಾಗೆ ಕೆಲವರು ಉಳಿದುಕೊಂಡರು. ಯಂತ್ರದ ಮಾತಿಗೆ ಬೇರೆ ಪುಟಗಳಿದ್ದವು, ಅಲ್ಲಿಗೆ ಇವರು ತಲೆಯನ್ನೂ ಹಾಕುತ್ತಿರಲಿಲ್ಲ. ಇವರು ಕೂರುತ್ತಿದ್ದದ್ದು ‘ಬಿಡುವಿನ ಮಾತು’ ಪುಟದಲ್ಲಿ. ಅಲ್ಲಿ ಬಿಡುವಿತ್ತು, ಮಾತಿತ್ತು, ವಿಷಯ ಇರಲಿಲ್ಲ.

ಕಟ್ಟೆ ಕಟ್ಟಿ ಕಾಯುತ್ತಿದ್ದವರು ಮೇಷ್ಟ್ರು. ನಿವೃತ್ತ ಲೆಕ್ಕದ ಮೇಷ್ಟ್ರು. ತೀರಿಕೊಂಡ ಹೆಂಡತಿಯ ಯಂತ್ರಕ್ಕೆ ಇವತ್ತಿಗೂ ತಿಂಗಳಿಗೊಮ್ಮೆ ಎಣ್ಣೆ ಬಿಡುವವರು. ಇನ್ನೊಬ್ಬ ಅಳಿಯ. ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಕಸುಬಿನವನು. ಮಾವನ ಖಾತೆಯಿಂದ ಒಂದು ಪ್ರಶ್ನೆ ಕೇಳಲು ಬಂದವನು ಹನ್ನೊಂದು ವರ್ಷವಾದರೂ ಮಾವನಿಗೆ ಖಾತೆ ಹಿಂದಿರುಗಿಸಿರಲಿಲ್ಲ. ಮೂರನೆಯವನು ಲಿಫ್ಟ್ ಮಾಮ, ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ರಿಪೇರಿ ಮಾಡುವವನು. ನಾಲ್ಕನೆಯವಳು ಕನ್ನಡಕದಮ್ಮ. ಅಪ್ಪನ ಕಾಲದ ಕನ್ನಡಕದ ಅಂಗಡಿ ಅವಳದು. ಹಿಂದಿನ ಕೋಣೆಯಲ್ಲಿ ಸಾಣೆಚಕ್ರದ ಮುಂದೆ ಕೂತು ಲೆನ್ಸು ಉಜ್ಜುವುದು ಇವಳು, ಮುಂದಿನ ಕೌಂಟರಿನಲ್ಲಿ ಗಿರಾಕಿಗಳ ಮೂಗಿಗೆ ಫ್ರೇಮ್ ಏರಿಸುವುದು ಇವಳ ತಂಗಿ. ಉಳಿದವರು ಬರುತ್ತಿದ್ದರು, ಹೋಗುತ್ತಿದ್ದರು. ಈ ನಾಲ್ವರು ಮಾತ್ರ ಗೋಡೆಗೆ ಹೊಡೆದ ಮೊಳೆಗಳು.

ಒಬ್ಬರ ಮುಖ ಒಬ್ಬರು ಕಂಡವರಲ್ಲ. ನಿಜವಾದ ಹೆಸರು ಕೇಳುವಂತಿರಲಿಲ್ಲ, ಫೋನ್ ನಂಬರ್ ಕೊಡುವಂತಿರಲಿಲ್ಲ, ಗುಟ್ಟಾಗಿ ಒಬ್ಬರಿಗೊಬ್ಬರು ಬರೆದುಕೊಳ್ಳುವ ಸೌಲಭ್ಯವನ್ನೇ ಮೇಷ್ಟ್ರು ಕಿತ್ತುಹಾಕಿದ್ದರು. ಮೂರನೆಯ ವರ್ಷ ಇಬ್ಬರು ಸದಸ್ಯರು ನಂಬರ್ ಕೊಟ್ಟುಕೊಂಡು, ಒಂದು ಯಂತ್ರದ ವ್ಯಾಪಾರ ಮಾಡಿ, ಕಿತ್ತಾಡಿ, ಕಟ್ಟೆಯನ್ನೇ ಹೋಳು ಮಾಡಲು ನೋಡಿದ್ದರ ಫಲ ಅದು. ಎರಡನೆಯ ನಿಯಮ: ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರನೆಯದು ಕೇವಲ ಈ ಪುಟಕ್ಕೆ ಸೇರಿದ್ದು: ಒಬ್ಬರೇ ಸತತವಾಗಿ ಎರಡು ಸಲ ಬರೆಯುವಂತಿಲ್ಲ. ಹಿಂದೊಬ್ಬ ಸದಸ್ಯ ತನ್ನ ಮಂಡಿನೋವಿನ ಬಗ್ಗೆ ಒಂದೇ ದಿನ ನಲವತ್ತು ಸಲ ಬರೆದದ್ದೇ ಇದಕ್ಕೆ ಕಾರಣ. ಈಗ ಯಾರಾದರೂ ಎರಡನೆಯ ಸಲ ಬೆರಳಾಡಿಸಿದರೆ ಕೆಂಪು ಅಕ್ಷರದಲ್ಲಿ ‘ಇನ್ನೊಬ್ಬರು ಮಾತಾಡಲಿ’ ಎಂದು ಬಂದು ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಮಂಡಿನೋವಿನವನು ಬಿಟ್ಟುಹೋದ. ನಿಯಮ ಉಳಿಯಿತು.

ಕನ್ನಡಕದಮ್ಮನಿಗೆ ಕಟ್ಟೆಯಲ್ಲಿ ಒಂದು ಗೌರವದ ಸ್ಥಾನವಿತ್ತು. ಯಾರ ಕಣ್ಣಿಗೆ ಏನಾದರೂ ಕೇಳುತ್ತಿದ್ದದ್ದು ಇವಳನ್ನೇ. ಎರಡು ವರ್ಷದ ಹಿಂದೆ ಮೇಷ್ಟ್ರು, ತಲೆ ಸಿಡಿಯುತ್ತಿದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿದೆ, ಹೊಟ್ಟೆ ತೊಳಸುತ್ತಿದೆ, ಬಹುಶಃ ಅಜೀರ್ಣ ಎಂದು ಬರೆದಿದ್ದರು. ಅರ್ಧ ನಿಮಿಷದಲ್ಲಿ ಇವಳ ಉತ್ತರ ಬಂದಿತ್ತು: “ಅಜೀರ್ಣ ಅಲ್ಲ, ಕಣ್ಣಿನ ಒತ್ತಡ. ಚಪ್ಪಲಿ ಹಾಕ್ಕೊಳ್ತಾ ಇದನ್ನ ಓದಿ. ಈಗಲೇ ಆಸ್ಪತ್ರೆಗೆ.” ಮೇಷ್ಟ್ರು ಹೋದರು, ಕಣ್ಣು ಉಳಿಯಿತು. ಆದರೆ ಕಣ್ಣು ಅದುರುತ್ತಿದೆ, ನೀರು ಬರುತ್ತಿದೆ ಎಂಬಂಥ ಸಣ್ಣಪುಟ್ಟದ್ದಕ್ಕೆ ಅವಳು ಉತ್ತರಿಸುತ್ತಲೇ ಇರಲಿಲ್ಲ. ಇದರಿಂದ ಕಟ್ಟೆಯಲ್ಲೊಂದು ಗಾದೆಯೇ ಹುಟ್ಟಿತ್ತು. ಹುಟ್ಟಿಸಿದವನು ಲಿಫ್ಟ್ ಮಾಮ: ಕನ್ನಡಕದಮ್ಮ ಬೈದರೆ ಓಡು, ಸುಮ್ಮನಿದ್ದರೆ ಮಲಗು.

ಇದೇ ಲಿಫ್ಟ್ ಮಾಮನ ಮೇಲೆ ಅವಳಿಗೆ ಒಂದು ಹಳೆಯ ಸೇಡಿತ್ತು. ಏಳು ವರ್ಷದ ಹಿಂದೆ ಐವತ್ತು ಸಾವಿರದ ಮಾತಿಗೆ ಪೈಪೋಟಿ ನಡೆದಿದ್ದಾಗ, ಎರಡು ಮಾತು ಬಾಕಿ ಇರುವಂತೆ ಮಾಮ ಬರೆದ: “ಕನ್ನಡಕದಮ್ಮಾ, ನನ್ನ ಕನ್ನಡಕ ಗ್ರೀಸ್ ಡಬ್ಬಿಗೆ ಬಿತ್ತು. ತೊಳೆದೆ, ಗಾಜು ಮಂಜು ಮಂಜು. ಏನ್ಮಾಡ್ಲಿ?” ಇವಳು ಕಸುಬಿನ ಕರುಣೆಯಿಂದ ಒಂಬತ್ತು ಸಾಲಿನ ಉತ್ತರ ಬರೆದಳು. ಬೆಚ್ಚಗಿನ ನೀರು, ಸೋಪಿನ ನೊರೆ, ಹತ್ತಿಬಟ್ಟೆ, ಒರಟಾಗಿ ಉಜ್ಜಬೇಡಿ ಇತ್ಯಾದಿ. ಅದು 49,999. ಮರುಗಳಿಗೆಯಲ್ಲಿ ಮಾಮ ಐವತ್ತು ಸಾವಿರದ ಮಾತು ಬರೆದ: “ಒಣಗಿಸಿಕೊಂಡೆ. ಥ್ಯಾಂಕ್ಸ್.”

ಕನ್ನಡಕ ಗ್ರೀಸಿಗೆ ಬಿದ್ದೇ ಇರಲಿಲ್ಲ. ಆ ಎರಡು ಪದ ಏಳು ವರ್ಷ ಅವಳ ಬೆನ್ನು ಬಿಡಲಿಲ್ಲ. ಅವಳು ಯಾವ ಬುದ್ಧಿಮಾತು ಹೇಳಿದರೂ ಅಳಿಯ ‘ಒಣಗಿಸಿಕೊಂಡೆ’ ಅನ್ನುತ್ತಿದ್ದ. ಅವಳೂ ನಗುತ್ತಿದ್ದಳು. ನಗುತ್ತಲೇ, ಲಕ್ಷ ಬರಲಿ, ಇದೇ ಮಾತನ್ನು ಇವರ ಬಾಯಿಗೆ ತುರುಕುತ್ತೇನೆ ಎಂದು ಮನಸ್ಸಿನಲ್ಲಿ ಗಂಟು ಹಾಕಿಟ್ಟಿದ್ದಳು.

ಆ ಮಂಗಳವಾರ ಬೆಳಿಗ್ಗೆ ಅಂಗಡಿಯ ಬಾಗಿಲೆತ್ತಿ, ಸಾಣೆಚಕ್ರಕ್ಕೆ ನೀರು ತುಂಬಿ, ಅವಳು ಪುಟ ತೆರೆದಾಗ ಎಣಿಕೆ 99,981.

ಮೇಷ್ಟ್ರು: ಎಲ್ಲರಿಗೂ ನಮಸ್ಕಾರ. ಇನ್ನು ಹತ್ತೊಂಬತ್ತು.

ಅಳಿಯ: ಅದನ್ನ ಹೇಳೋಕೇ ಒಂದು ಖರ್ಚು ಮಾಡಿದ್ರಲ್ಲ ಮೇಷ್ಟ್ರೇ.

ಲಿಫ್ಟ್ ಮಾಮ: ನೀನು ಅವರಿಗೆ ಹೇಳಿದ್ದಕ್ಕೆ ಇನ್ನೊಂದು. ನಾನು ನಿನಗೆ ಹೇಳಿದ್ದಕ್ಕೆ ಮತ್ತೊಂದು. ಹೀಗೇ ಹೋದ್ರೆ ಊಟದ ಹೊತ್ತಿಗೆ ಮುಗಿಯುತ್ತೆ.

ಕನ್ನಡಕದಮ್ಮ: ಇವತ್ತು ಎಷ್ಟನೇ ಮಹಡೀಲಿ ನೇತಾಡ್ತಿದೀರಿ ಮಾಮ?

ಲಿಫ್ಟ್ ಮಾಮ: ಒಂಬತ್ತು. ಇಲ್ಲೊಬ್ಬ ಅಜ್ಜಿ ಗುಂಡೀನ ಊರುಗೋಲಲ್ಲಿ ಒತ್ತುತ್ತಾರೆ. ಗುಂಡಿ ಒಳಗೆ ಹೋಗಿ ಕೂತಿದೆ. ಹೊರಗೆ ಬರಲ್ಲ ಅಂತ ಹಟ.

ಅಳಿಯ: ನಮ್ಮ ಮಾವನ ಹಾಗೆ. ನಿನ್ನೆಯಿಂದ ಕೋಣೆ ಬಾಗಿಲು ತೆಗೆದಿಲ್ಲ.

ಮೇಷ್ಟ್ರು: ಅವರ ಖಾತೆ ವಾಪಸ್ ಕೊಡಪ್ಪ, ಬರ್ತಾರೆ.

ಅಳಿಯ: ಕೊಟ್ರೆ ನಾನು ಎಲ್ಲಿಗೆ ಹೋಗ್ಲಿ? ಮನೆ ಅಳಿಯ ಅಂದ್ಮೇಲೆ ಖಾತೆ ಅಳಿಯನೂ ಇರ್ಬೇಕಲ್ಲ.

ಹೀಗೆ ನಡೆಯಿತು. ತೊಂಬತ್ತರ ಗಡಿ ದಾಟಿದ ಮೇಲೆ ಮಾತು ಸೊರಗಿತು. ಹದಿನಾಲ್ಕು ವರ್ಷ ಬಾಯಿ ಮುಚ್ಚದವರು ಈಗ ಒಂದೊಂದು ಮಾತನ್ನೂ ಚಿನ್ನದ ಅಂಗಡಿಯವನ ಹಾಗೆ ತೂಗಿ ಹಾಕತೊಡಗಿದರು. ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಯಾರು ತೊಂಬತ್ತೊಂಬತ್ತನೆಯದನ್ನು ಬರೆಯುತ್ತಾರೋ ಅವರು ಕೆಟ್ಟರು. ಮುಂದಿನದನ್ನು ಅವರೇ ಬರೆಯುವಂತಿಲ್ಲ, ಲಕ್ಷ ಬೇರೆಯವರ ಪಾಲು. ಹನ್ನೊಂದು ಗಂಟೆಗೆ ಅಳಿಯ, ಚಟ ಬಿಡಲಾರದೆ, ‘ಎಲ್ಲರ ಟೀ ಆಯ್ತಾ?’ ಎಂದು ಕೇಳಿ 99,997 ಖರ್ಚು ಮಾಡಿದ. ಯಾರ ಟೀ ಆಗಿತ್ತೋ ಯಾರದಿಲ್ಲವೋ, ಒಬ್ಬರೂ ಹೇಳಲಿಲ್ಲ.

ಹನ್ನೊಂದೂ ಇಪ್ಪತ್ತಕ್ಕೆ 99,998 ಬಂತು.

ಲಿಫ್ಟ್ ಮಾಮ: ಕನ್ನಡಕದಮ್ಮಾ, ಇದೀರಾ? ಒಂದು ಗಂಟೆಯಿಂದ ಬಲಗಣ್ಣಿನ ಮೂಲೇಲಿ ಮಿಂಚು ಹೊಡೆದ ಹಾಗೆ ಆಗ್ತಿದೆ. ಮಸಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ತೇಲ್ತಿವೆ. ತೋರಿಸ್ಬೇಕಾ, ತಾನಾಗಿ ಹೋಗುತ್ತಾ?

ಕನ್ನಡಕದಮ್ಮ ಚಕ್ರ ನಿಲ್ಲಿಸಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ ಓದಿದಳು.

ಅವಳಿಗೆ ಗೊತ್ತಿತ್ತು. ಕಣ್ಣಿನ ಒಳಗೋಡೆಯ ಪರೆ ಹರಿಯುವ ಮುನ್ನ ಇದೇ ಮಿಂಚು, ಇದೇ ಮಸಿ. ಅದೇ ದಿನ ಹೋದರೆ ಹೊಲಿಗೆ ಹಾಕಿದ ಹಾಗೆ ಸುತ್ತಲೂ ಬಿಗಿದು ಕಣ್ಣು ಉಳಿಸುತ್ತಾರೆ. ತಡಮಾಡಿದರೆ ಮೂಲೆಯಿಂದ ಪರದೆ ಎಳೆದಂತೆ ಕತ್ತಲು ಬರುತ್ತದೆ. ಅಪ್ಪ ಅಂಗಡಿ ಕಲಿಸುವಾಗ ಹೇಳಿಕೊಟ್ಟ ಮೊದಲ ಪಾಠಗಳಲ್ಲಿ ಇದೊಂದು: ಮಿಂಚು ಅಂತ ಬಂದವರಿಗೆ ಕನ್ನಡಕ ಮಾರಬೇಡ, ಆಟೋ ಹಿಡಿದುಕೊಡು.

ಆದರೆ ಓದಿದ ಕೂಡಲೇ ಅವಳಿಗಾದದ್ದು ಗಾಬರಿಯಲ್ಲ, ಮೆಚ್ಚುಗೆ. ಎಷ್ಟು ಅಚ್ಚುಕಟ್ಟು! ಒಂದು ಲಕ್ಷಣವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಲ್ಲೋ ಹುಡುಕಿ ಓದಿದ್ದಾನೆ. ತಾನು ಯಾವ ಮಾತಿಗೆ ಸುಮ್ಮನಿರಲಾರಳೋ ಅದನ್ನೇ ಆರಿಸಿ ತಂದಿದ್ದಾನೆ. ಅದೂ ಸರಿಯಾಗಿ ತೊಂಬತ್ತೆಂಟನೆಯದರಲ್ಲಿ.

“ಬಾರೇ ಇಲ್ಲಿ,” ಎಂದು ತಂಗಿಯನ್ನು ಕೂಗಿದಳು. “ಮಾಮ ಈ ಸಲ ಗಾಳಕ್ಕೆ ಎಂಥಾ ಹುಳ ಚುಚ್ಚಿದಾನೆ ನೋಡು.”

ತಂಗಿ ಬಂದು ಓದಿದಳು. ಅವಳ ನೆತ್ತಿಯ ಮೇಲೆ ಗಿರಾಕಿಯೊಬ್ಬರ ಫ್ರೇಮ್ ಇನ್ನೂ ಕೂತಿತ್ತು. “ಅಕ್ಕಾ, ಇದು ನಿಜ ಇದ್ರೆ?”

“ನಿಜ ಇದ್ರೆ ಇಲ್ಲಿ ಬರೀತಾ ಕೂರ್ತಾನಾ? ಐವತ್ತಾರು ವರ್ಷದ ಮನುಷ್ಯ. ಒಂಬತ್ತನೇ ಮಹಡೀಲಿ ಹಗ್ಗ ಕಟ್ಟಿಕೊಂಡು ಇಳಿಯೋನಿಗೆ ಆಸ್ಪತ್ರೆ ದಾರಿ ಗೊತ್ತಿಲ್ವಾ?”

“ಒಂದು ಸಾಲು ಬರೆದುಬಿಡು. ಹೋದ್ರೆ ಏನು ಹೋಗುತ್ತೆ?”

“ಲಕ್ಷ ಹೋಗುತ್ತೆ.”

“ಆ ಲಕ್ಷ ಇಟ್ಕೊಂಡು ಏನ್ಮಾಡ್ತೀಯಾ? ಉಪ್ಪಿನಕಾಯಿ ಹಾಕ್ತೀಯಾ?”

“ನಿನಗೆ ಗೊತ್ತಾಗಲ್ಲ, ಹೋಗು. ಗಿರಾಕಿ ಕಾಯ್ತಿದಾರೆ.”

ತಂಗಿ ಹೋದಳು. ಕನ್ನಡಕದಮ್ಮ ಚಕ್ರ ತಿರುಗಿಸಿದಳು. ಮಾಮ ಮುಂದೇನಾದರೂ ಬರೆದಿದ್ದರೆ ಅವಳಿಗೆ ನಂಬಿಕೆ ಬರುತ್ತಿತ್ತೇನೋ. ಆದರೆ ಮಾಮ ಬರೆಯುವಂತಿರಲಿಲ್ಲ. ಅವನು ಬೆರಳಾಡಿಸಿದರೆ ಅವನಿಗೆ ಕಾಣುತ್ತಿದ್ದದ್ದು ಕೆಂಪು ಅಕ್ಷರ: ಇನ್ನೊಬ್ಬರು ಮಾತಾಡಲಿ. ಇದೂ ಅವಳಿಗೆ ಗೊತ್ತಿದ್ದ ವಿಚಾರವೇ. ಗೊತ್ತಿದ್ದದ್ದೆಲ್ಲ ಹೊತ್ತಿಗೆ ನೆನಪಾಗುವುದಿಲ್ಲ, ಅಷ್ಟೆ.

ಪುಟದ ಬಲಗಡೆ, ಯಾರು ಯಾರು ತೆರೆದುಕೊಂಡು ಕೂತಿದ್ದಾರೆಂದು ತೋರಿಸುವ ಹಸಿರು ಚುಕ್ಕೆಗಳಿದ್ದವು. ಆ ಇಡೀ ದಿನ ನಾಲ್ಕೂ ಚುಕ್ಕೆ ಆರಲಿಲ್ಲ. ಮೇಷ್ಟ್ರು ಇದ್ದರು, ಅಳಿಯನಿದ್ದ, ಇವಳಿದ್ದಳು, ಮಾಮನಿದ್ದ. ನಾಲ್ಕು ಜನ ಒಂದೇ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಮೌನವ್ರತ ಹಿಡಿದಂತಿತ್ತು. ಯಾರೂ ಕೆಮ್ಮಲಿಲ್ಲ.

ಬುಧವಾರ ಬೆಳಿಗ್ಗೆಯೂ ಮಾಮನ ಚುಕ್ಕೆ ಹಸಿರಾಗಿಯೇ ಇತ್ತು. ಅದನ್ನು ನೋಡಿ ಅವಳಿಗೆ ಸಮಾಧಾನವೂ ಆಯಿತು, ಛಲವೂ ಏರಿತು. ಕಣ್ಣು ಕೆಟ್ಟವನು ದಿನವಿಡೀ ಪರದೆಯ ಮುಂದೆ ಕೂತಿರುತ್ತಾನೆಯೇ? ತನ್ನ ಬಾಯಿಬಿಡಿಸಲು ಕಾಯುತ್ತಿದ್ದಾನೆ. ಕಾಯಲಿ.

ಆದರೂ ಒಂದು ಸಲ ಕೈ ಸೋತಿತು. ಮಧ್ಯಾಹ್ನ ಒಬ್ಬ ಹೆಂಗಸು ಕೆಂಪಾದ ಕಣ್ಣಿನ ಮಗುವನ್ನು ಕರೆತಂದಿದ್ದಳು. ಕನ್ನಡಕದಮ್ಮ ಹೊರಗೆ ಬಂದು ನೋಡಿ, “ಮೂರು ದಿನ ಏನು ನೋಡ್ತಿದ್ರಿ? ಕಣ್ಣು ಅಂದ್ರೆ ಆಟವೇನ್ರೀ?” ಎಂದು ರೇಗಿ ಡಾಕ್ಟರ ಬಳಿಗೆ ಅಟ್ಟಿದಳು. ಒಳಗೆ ಬಂದು ಕೂತ ಮೇಲೆ ಆ ಮಾತು ಕಿವಿಯಲ್ಲೇ ಉಳಿಯಿತು. ಪುಟ ತೆರೆದು, “ಮಾಮ, ತಮಾಷೆ ಅಲ್ಲದಿದ್ರೆ ಈ ಕ್ಷಣವೇ ಆಸ್ಪತ್ರೆಗೆ ಹೋಗಿ” ಎಂದು ಬೆರಳಚ್ಚಿಸಿದಳು. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟಳು. ಆಗ ಕಣ್ಣೆದುರಿಗೆ ಬಂದದ್ದು ಕಣ್ಣಲ್ಲ, ಮುಂದಿನ ಸಾಲು. ಒಂದು ಲಕ್ಷದ ಎದುರಿಗೆ ಮಾಮನ ಹೆಸರು. ಅದರ ಮುಂದೆ: ‘ತೋರಿಸಿಕೊಂಡೆ. ಥ್ಯಾಂಕ್ಸ್.’ ಇನ್ನೊಂದು ಏಳು ವರ್ಷ. ಅವಳು ಅಕ್ಷರಗಳನ್ನು ಒಂದೊಂದಾಗಿ ಅಳಿಸಿದಳು.

ಸಂಜೆ ಐದರ ಹೊತ್ತಿಗೆ ಮಾಮನ ಚುಕ್ಕೆ ಆರಿತು.

“ಸೋತು ಎದ್ದುಹೋದ,” ಎಂದಳು ತಂಗಿಗೆ.

ತಂಗಿ ಬಾಗಿಲಿನ ಬೀಗ ಹುಡುಕುತ್ತಿದ್ದಳು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಲೋಕದ ಯಾವ ವ್ಯೂಹವನ್ನೂ ಅರಿಯದ ಹೊಸಬನೊಬ್ಬ ದಾರಿತಪ್ಪಿ ‘ಬಿಡುವಿನ ಮಾತು’ ಪುಟಕ್ಕೆ ಕಾಲಿಟ್ಟ. “ಎಲ್ಲರಿಗೂ ನಮಸ್ತೆ. ಅಜ್ಜಿಯ ಹೊಲಿಗೆ ಯಂತ್ರದ ಬಾಬಿನ್ ಕೇಸ್ ಕಳೆದಿದೆ, ಎಲ್ಲಿ ಸಿಗುತ್ತೆ?” ಎಂದು ಕೇಳಿದ. 99,999.

ಕನ್ನಡಕದಮ್ಮನ ಉತ್ತರ ಏಳು ವರ್ಷದಿಂದ ತಯಾರಿತ್ತು. ಮೇಷ್ಟ್ರ ಬೆರಳು ಮುದಿ, ಅಳಿಯನ ಕೈಯಲ್ಲಿ ಸುತ್ತಿಗೆ. ಇವಳಿಗೆ ಇಬ್ಬರೂ ಸಾಟಿಯಾಗಲಿಲ್ಲ. ಒಂದು ಲಕ್ಷದ ಎದುರು ಅವಳ ಹೆಸರು, ಅದರ ಮುಂದೆ ಅವಳ ಮಾತು ಮೂಡಿತು:

ಕನ್ನಡಕದಮ್ಮ: ಮಾಮ, ಮಿಂಚು ನಿಂತಿತಾ? ಒಣಗಿಸಿಕೊಂಡೆ. ಥ್ಯಾಂಕ್ಸ್.

ಕಟ್ಟೆಯಲ್ಲಿ ಕೇಕೆ ಎದ್ದಿತು. ಎರಡು ದಿನ ಹಿಡಿದಿಟ್ಟಿದ್ದದ್ದೆಲ್ಲ ಕಟ್ಟೆಯೊಡೆದು ಹರಿಯಿತು.

ಅಳಿಯ: ಅಯ್ಯಯ್ಯೋ! ಸೇಡು ಅಂದ್ರೆ ಇದು! ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರೆ, ಇದು ಏಳಕ್ಕೇ ತೀರಿತು.

ಮೇಷ್ಟ್ರು: ಅಭಿನಂದನೆ. ದಾಖಲೆ ಪುಸ್ತಕದಲ್ಲಿ ಬರೆದುಕೊಂಡೆ. ಹತ್ತೂ ಮೂವತ್ತೊಂದು.

ಅಳಿಯ: ಮಾಮ ಎಲ್ಲಿ? ಮುಖ ಮುಚ್ಕೊಂಡು ಲಿಫ್ಟ್ ಬಾವೀಲಿ ಕೂತಿದಾರಾ?

ಕನ್ನಡಕದಮ್ಮ: ಬರ್ತಾರೆ ಬಿಡು. ಮೂಗು ಕೆಂಪಾಗಿದೆ, ಆರ್ಲಿ.

ಹೊಸಬನ ಬಾಬಿನ್ ಕೇಸನ್ನು ಯಾರೂ ಹುಡುಕಿಕೊಡಲಿಲ್ಲ. ಮಾಮ ಆ ದಿನ ಬರಲಿಲ್ಲ. ಶುಕ್ರವಾರ ಬರಲಿಲ್ಲ. ಶನಿವಾರ ಅಳಿಯ, “ಇಷ್ಟೊಂದು ಮುನಿಸಾ?” ಎಂದ. ಸೋಮವಾರ ಮೇಷ್ಟ್ರು, “ಹನ್ನೆರಡು ವರ್ಷದಲ್ಲಿ ಮಾಮ ನಾಲ್ಕು ದಿನಕ್ಕಿಂತ ಹೆಚ್ಚು ತಪ್ಪಿಸಿದ್ದು ಒಂದೇ ಸಲ. ಮಗಳ ಹೆರಿಗೆಗೆ,” ಎಂದು ಲೆಕ್ಕ ಕೊಟ್ಟರು. ಆಮೇಲೆ ಯಾರೂ ಅವನ ಮಾತೆತ್ತಲಿಲ್ಲ. ಕನ್ನಡಕದಮ್ಮ ಗಂಟೆಗೊಮ್ಮೆ ಬಲಗಡೆಯ ಚುಕ್ಕೆಗಳನ್ನು ನೋಡುತ್ತಿದ್ದಳು. ಉಜ್ಜುತ್ತಿದ್ದ ಎರಡು ಲೆನ್ಸು ಅಂಚು ಒಡೆದವು. ಅವಳ ಕೈಯಲ್ಲಿ ಲೆನ್ಸು ಒಡೆಯುವುದು ವರ್ಷಕ್ಕೊಂದು.

ಹನ್ನೆರಡನೆಯ ದಿನ ಮಾಮನ ಚುಕ್ಕೆ ಹಸಿರಾಯಿತು.

ಲಿಫ್ಟ್ ಮಾಮ: ಎಲ್ಲರಿಗೂ ನಮಸ್ಕಾರ. ಒಂದು ಕಣ್ಣಿಗೆ ಪಟ್ಟಿ ಇದೆ, ಅಕ್ಷರ ತಪ್ಪಿದ್ರೆ ಸರಿಮಾಡಿ ಓದ್ಕೊಳ್ಳಿ. ಲಕ್ಷ ಕನ್ನಡಕದಮ್ಮನಿಗೆ ಬಂತು ಅಂತ ಈಗ ನೋಡಿದೆ. ಒಳ್ಳೆ ಏಟು ಕೊಟ್ರಿ, ಒಪ್ಪಿದೆ. ಬಲಗಣ್ಣಿನ ಪರೆ ಬಿಟ್ಟುಕೊಂಡಿತ್ತಂತೆ. ಬುಧವಾರ ಸಂಜೆ ಅರ್ಧ ಪರದೆ ಎಳೆದ ಹಾಗೆ ಕಪ್ಪಾಯ್ತು, ಆಗ ಹೆಂಡ್ತಿ ಎಳ್ಕೊಂಡು ಹೋದ್ಲು. ಆಪರೇಷನ್ ಆಯ್ತು. ಡಾಕ್ಟ್ರು ಚೆನ್ನಾಗಿ ಬೈದ್ರು, ಮಿಂಚು ಕಂಡ ದಿನವೇ ಯಾಕೆ ಬರ್ಲಿಲ್ಲ ಅಂತ. ನಮಗೆ ಗೊತ್ತಿರೋ ಒಬ್ರು ಇದಾರೆ, ಕಣ್ಣಿನ ವಿಷಯ ಎಲ್ಲ ಅವರನ್ನೇ ಕೇಳೋದು, ಅಪಾಯ ಇದ್ರೆ ಅರ್ಧ ನಿಮಿಷದಲ್ಲಿ ಬೈತಾರೆ, ಎರಡು ದಿನ ಕಾದೆ, ಬೈಲಿಲ್ಲ, ಹಾಗಾಗಿ ಏನಿಲ್ಲ ಅಂದ್ಕೊಂಡೆ ಅಂದೆ. ಅವರಿಗೆ ಅರ್ಥವಾಗ್ಲಿಲ್ಲ ಬಿಡಿ. ಮತ್ತೆ ಎಲ್ಲರೂ ಹೇಗಿದೀರಿ? ಮಾವ ಬಾಗಿಲು ತೆಗೆದ್ರಾ?

ಅದರಲ್ಲಿ ಒಂದೇ ಒಂದು ಮೊನಚಿನ ಮಾತಿರಲಿಲ್ಲ. ಕನ್ನಡಕದಮ್ಮ ಮೂರು ಸಲ ಓದಿ ಹುಡುಕಿದಳು. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

ಅವಳಿಗಿಂತ ಮೊದಲು ಮೇಷ್ಟ್ರು ಬರೆದರು. ಅವರು ಬರೆಯಲು ತೆಗೆದುಕೊಂಡದ್ದು ಕಾಲು ಗಂಟೆ, ಬಂದದ್ದು ನಾಲ್ಕು ಸಾಲು.

ಮೇಷ್ಟ್ರು: ಮಾಮ, ನಾನೂ ಓದಿದ್ದೆ. ಕಣ್ಣಿನ ವಿಷಯ, ನಿಜವಾಗಿದ್ದರೆ ಅವರು ಸುಮ್ಮನಿರುವುದಿಲ್ಲ ಎಂದುಕೊಂಡೆ. ನನ್ನ ಕಣ್ಣು ಉಳಿದದ್ದು ಈ ಪುಟದಲ್ಲೇ. ಆದರೂ ನಾನು ಎಣಿಸುತ್ತ ಕೂತಿದ್ದೆ.

ಅಳಿಯ: ನಾನೂ ಅದೇ ಮಾಮ. ಎರಡು ದಿನ ಫೋನ್ ಕೆಳಗಿಟ್ಟಿಲ್ಲ. ಯಾರಾದ್ರೂ ಎಡವಿದ್ರೆ ನುಗ್ಗೋಣ ಅಂತ.

ಕನ್ನಡಕದಮ್ಮ ಒಂದು ಗಂಟೆ ಬರೆದಳು, ಅಳಿಸಿದಳು. ಕೊನೆಗೆ ಕಳಿಸಿದ್ದು ಇಷ್ಟು: “ಮಾಮ, ನನಗೆ ಗೊತ್ತಿತ್ತು. ಓದಿದ ಕೂಡಲೇ ಏನು ಅಂತ ಗೊತ್ತಾಯ್ತು. ನೀವು ಆಟ ಆಡ್ತಿದೀರಿ ಅಂದ್ಕೊಂಡೆ. ಬುಧವಾರ ಮಧ್ಯಾಹ್ನ ಬರೆದೂ ಇದ್ದೆ, ಕಳಿಸ್ಲಿಲ್ಲ. ತಪ್ಪು ನನ್ನದು.”

ಲಿಫ್ಟ್ ಮಾಮ: ಅಯ್ಯೋ ಬಿಡಿ ಅಮ್ಮ. ಗ್ರೀಸ್ ಡಬ್ಬಿ ಕಥೆ ಹುಟ್ಟಿಸಿದ್ದು ನಾನೇ ತಾನೆ? ತೋಳ ಬಂತು ತೋಳ ಅಂತ ಕೂಗಿದವನಿಗೆ ತೋಳ ಬಂತು. ಬೇರೇನಾದ್ರೂ ಮಾತಾಡಿ.

ಬೇರೇನಾದರೂ ಮಾತಾಡಿದರು. ಮಾವ ಬಾಗಿಲು ತೆಗೆದಿದ್ದರು. ಒಂಬತ್ತನೇ ಮಹಡಿಯ ಅಜ್ಜಿಗೆ ಊರುಗೋಲು ಹೋಗಿ ಗಾಲಿಕುರ್ಚಿ ಬಂದಿತ್ತು.

ಮಾರನೆಯ ದಿನ ಕನ್ನಡಕದಮ್ಮ ಮೇಷ್ಟ್ರನ್ನು ಕೇಳಿದಳು, ಎಲ್ಲರೆದುರಿಗೇ. ಕಟ್ಟೆಯಲ್ಲಿ ಬೇರೆ ದಾರಿಯಿರಲಿಲ್ಲ. “ಮೇಷ್ಟ್ರೇ, ಲಕ್ಷದ ಮಾತನ್ನ ಅಳಿಸಿಬಿಡಿ. ಎಣಿಕೆ ಹೋದ್ರೂ ಹೋಗ್ಲಿ. ಆ ಮಾತು ಅಲ್ಲಿರಬಾರದು.”

ಮೇಷ್ಟ್ರು ಒಂದು ದಿನ ತೆಗೆದುಕೊಂಡರು. ಅಳಿಸುವ ಕೀಲಿಯನ್ನು ಕಟ್ಟೆ ಕಟ್ಟುವಾಗಲೇ ತಾನು ಹಾಕಿಲ್ಲವೆಂದೂ, ಒಂದು ಮಾತನ್ನು ಕೀಳಬೇಕಾದರೆ ಇಡೀ ಪುಟವನ್ನೇ ಕಿತ್ತುಹಾಕಬೇಕಾಗುತ್ತದೆಂದೂ, ಹದಿನಾಲ್ಕು ವರ್ಷದ್ದೆಲ್ಲ ಹೋಗುತ್ತದೆಂದೂ ಹೇಳಿದರು. ಬೇಕಾದರೆ ಹಾಗೂ ಮಾಡುತ್ತೇನೆ ಎಂದರು. ಮಾಮ ತಕ್ಷಣ, “ಸುಮ್ನಿರಿ ಮೇಷ್ಟ್ರೇ, ನನ್ನ ಮೊಮ್ಮಗಳು ಹುಟ್ಟಿದ ಸುದ್ದಿ ಅದರಲ್ಲೇ ಇದೆ,” ಎಂದು ಬರೆದ. ಪುಟ ಉಳಿಯಿತು. ಮೇಷ್ಟ್ರು ತಮ್ಮ ಕೈಲಾದದ್ದನ್ನು ಮಾಡಿದರು: ಒಬ್ಬರೇ ಎರಡು ಸಲ ಬರೆಯುವಂತಿಲ್ಲ ಎಂಬ ನಿಯಮವನ್ನು ತೆಗೆದುಹಾಕಿದರು. ಕೆಂಪು ಅಕ್ಷರ ಆಮೇಲೆ ಯಾರಿಗೂ ಕಾಣಲಿಲ್ಲ. ಈಗ ಯಾರು ಬೇಕಾದರೂ ಎಷ್ಟು ಬೇಕಾದರೂ ಬರೆಯಬಹುದಿತ್ತು. ಮುಂಚಿಗಿಂತ ಕಡಿಮೆ ಬರೆಯುತ್ತಿದ್ದರು.

ಕನ್ನಡಕದಮ್ಮನಿಗೆ ಎಲ್ಲರ ಕನ್ನಡಕದ ನಂಬರೂ ಬಾಯಿಪಾಠ. ಮಾಮನ ಎಡಗಣ್ಣು ಮೈನಸ್ ಒಂದೂ ಮುಕ್ಕಾಲು. ಸದ್ಯಕ್ಕೆ ಕಾಣುತ್ತಿದ್ದದ್ದು ಅದೊಂದೇ ಆದ್ದರಿಂದ, ಅವಳು ಬಿದ್ದರೂ ಒಡೆಯದ ಜಾತಿಯ ಲೆನ್ಸು ತರಿಸಿ, ಎರಡು ದಿನ ಕೂತು, ಅಂಚು ತೀಡಿದಳು. ತಂಗಿ ನಡುನಡುವೆ ಬಂದು ನಿಂತು ಹೋಗುತ್ತಿದ್ದಳು.

“ಎಲ್ಲಿಗೆ ಕಳಿಸ್ತೀಯಕ್ಕ?”

“ಕೇಳ್ತೀನಿ.”

“ವಿಳಾಸ ಕೇಳೋ ಹಾಗಿಲ್ಲ ಅಂತಿದ್ದೆ.”

“ನಿಯಮ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?”

ತಂಗಿಗೆ ನಗು ಬರಲಿಲ್ಲ, ಇವಳಿಗೂ ಬರಲಿಲ್ಲ.

ಕೇಳಿದಳು. ಮಾಮ ಉತ್ತರಿಸಿದ: “ನಿಮಗ್ಯಾಕೆ ತೊಂದರೆ ಅಮ್ಮ. ನಮ್ಮ ಮನೆ ಕೆಳಗೇ ಒಂದು ಅಂಗಡಿ ಇದೆ. ಹೋದ ವಾರವೇ ಮಾಡಿಸ್ಕೊಂಡೆ. ಚೆನ್ನಾಗಿ ಮಾಡಿಕೊಟ್ಟಿದಾರೆ.”

ಅವಳು ಲೆನ್ಸನ್ನು ಬಿಳಿ ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ‘ಮಾಮ, ಎಡ’ ಎಂದು ಬರೆದು, ಅಪ್ಪನ ಕಾಲದ ಮೇಜಿನ ಖಾನೆಯಲ್ಲಿಟ್ಟಳು. ಗಿರಾಕಿಗಳು ಮಾಡಿಸಿ ಒಯ್ಯಲು ಮರೆತ ಲೆನ್ಸುಗಳಿಗೆಂದೇ ಇದ್ದ ಖಾನೆ ಅದು.

ಒಂದೇ ಕಣ್ಣಿನವನಿಗೆ ದೂರ ಹತ್ತಿರದ ಅಂದಾಜು ಸಿಗುವುದಿಲ್ಲವೆಂದು ಕಂಪನಿ ಮಾಮನನ್ನು ಮೇಲೆ ಹತ್ತಿಸುವುದನ್ನು ನಿಲ್ಲಿಸಿತು. ಈಗ ಅವನು ಆಫೀಸಿನಲ್ಲಿ ಕೂತು, ಯಾವ ಕಟ್ಟಡದಲ್ಲಿ ಯಾವ ಲಿಫ್ಟ್ ನಿಂತಿದೆ ಎಂಬ ಫೋನು ಎತ್ತಿ ಬರೆದುಕೊಳ್ಳುತ್ತಾನೆ. “ಮೂವತ್ತು ವರ್ಷ ನಾನು ಮೇಲಿದ್ದೆ, ಬೈಯೋರು ಕೆಳಗಿದ್ರು. ಈಗ ಬೈಗುಳ ಕಿವೀಗೇ ಬರುತ್ತೆ,” ಎಂದು ಬರೆದ. ಅಳಿಯ ನಕ್ಕ, ಮೇಷ್ಟ್ರು ನಕ್ಕರು, ಕನ್ನಡಕದಮ್ಮನೂ ನಕ್ಕಂತೆ ಬರೆದಳು. ಬೆಳಗಾದರೆ ಮಾಮನ ನಮಸ್ಕಾರ ಬರುತ್ತದೆ. ಅವಳ ಅಂಗಡಿ, ತಂಗಿ, ಅಲ್ಲಿನ ಬಿಸಿಲು ಎಲ್ಲವನ್ನೂ ವಿಚಾರಿಸುತ್ತಾನೆ. ಒಮ್ಮೆ ಎಡಗಣ್ಣಲ್ಲಿ ನೀರು ಸೋರುತ್ತಿದೆ ಎಂದು ಅಳಿಯನಿಗೆ ಹೇಳಿದ. ಕನ್ನಡಕದಮ್ಮ ಹತ್ತು ಸೆಕೆಂಡಿನೊಳಗೆ ಉತ್ತರಿಸಿದಳು. “ಹೌದಾ ಅಮ್ಮ, ಡಾಕ್ಟ್ರಿಗೆ ನಿನ್ನೆಯೇ ತೋರಿಸಿ ಬಂದೆ,” ಎಂದ.

ಬಲಗಣ್ಣಿಗೆ ದೃಷ್ಟಿ ಮರಳಲಿಲ್ಲ. ಒಂದು ಲಕ್ಷದ ಮಾತು ಕನ್ನಡಕದಮ್ಮನ ಹೆಸರಿನಲ್ಲಿದೆ.